ಕಳೆನಾಶಕಗಳೂ ಮಣ್ಣಿನ ಬ್ಯಾಕ್ಟೀರಿಯಗಳೂ: ಒಂದು ಚಾರಿತ್ರಿಕ ನೋಟ

ಕನ್ನಡದ ಆಡುಮಾತಿನಲ್ಲಿ 'ಮಣ್ಣುಪಾಲಾಗು' ಎಂದರೆ ವ್ಯರ್ಥವಾಗು, ಇಲ್ಲವಾಗು ಎಂದರ್ಥ. ಎರಡನೆಯ ಮಹಾಯುದ್ಧದ ತರುವಾಯ ಬಳಕೆಗೆ ಬಂದ ೨,೪-ಡಿ ಎಂಬ ಕಳೆನಾಶಕವೂ ಕೆಲವೇ ವಾರಗಳಲ್ಲಿ ಹೀಗೆ ಮಣ್ಣಿನಲ್ಲಿ ಇಲ್ಲವಾಗುತ್ತಿತ್ತು. ಅದು ನೀರಿನೊಡನೆ ಇಳಿದುಹೋಯಿತೋ, ಕಣಗಳಿಗೆ ಅಂಟಿ ಕುಳಿತಿತೋ, ಜೀವಿಗಳ ಆಹಾರವಾಯಿತೋ ಎಂಬುದನ್ನು ಖಚಿತಪಡಿಸಬೇಕಾಗಿತ್ತು.

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನ ಸಸ್ಯವಿಜ್ಞಾನಿ ಎಲ್. ಜೆ. ಆಡಸ್ ೧೯೪೯ರಲ್ಲಿ ಪ್ರಕಟಿಸಿದ ಪ್ರಯೋಗ ಈ ದಿಸೆಯಲ್ಲಿ ನಿರ್ಣಾಯಕವಾದುದು. ಅವರು ೨,೪-ಡಿ ದ್ರಾವಣವನ್ನು ಒಂದೇ ಮಣ್ಣಿನ ಮೂಲಕ ಮತ್ತೆ ಮತ್ತೆ ಹರಿಸಿದರು. ಮೊದಮೊದಲು ವಿಷದ ಪ್ರಮಾಣ ನಿಧಾನವಾಗಿ ಇಳಿದು, ಕೆಲವು ದಿನಗಳ ಬಳಿಕ ಕ್ಷಿಪ್ರವಾಗಿ ಕುಸಿಯಿತು. ಅದೇ ಮಣ್ಣಿಗೆ ಹೊಸ ದ್ರಾವಣ ಉಣಿಸಿದಾಗ ಆ ವಿಳಂಬವೇ ಕಾಣಲಿಲ್ಲ. ನಿರ್ಜೀವ ರಾಸಾಯನಿಕ ಕ್ರಿಯೆಗೆ ಇಂತಹ ಅಭ್ಯಾಸಬಲ ಇರುವುದು ಅಸಂಭವ. ಮುಂದೆ ಆ ಮಣ್ಣಿನಿಂದಲೇ ೨,೪-ಡಿಯನ್ನು ಒಡೆಯಬಲ್ಲ ಬ್ಯಾಕ್ಟೀರಿಯವನ್ನು ಅವರು ಬೇರ್ಪಡಿಸಿದರು. ಯುದ್ಧಕಾಲದಲ್ಲಿ ಜಪಾನೀಯರ ಸೆರೆಯಲ್ಲಿದ್ದ ಇದೇ ಆಡಸ್, ಸಹಬಂದಿಗಳ ಜೀವಸತ್ವದ ಕೊರತೆ ನೀಗಲು ಶಿಬಿರದಲ್ಲೇ ಯೀಸ್ಟ್ ಬೆಳೆಸಿದ್ದರೆಂಬುದು ಇಲ್ಲಿ ಸ್ಮರಣೀಯ.

ಈ ಅಭ್ಯಾಸಬಲದ ನೆಲೆ ತಿಳಿಯಲು ದಶಕಗಳೇ ಬೇಕಾದವು. ೨,೪-ಡಿ ಒಡೆಯುವ ಸಾಮರ್ಥ್ಯ ಪ್ಲಾಸ್ಮಿಡ್‌ಗಳಲ್ಲಿ, ಅಂದರೆ ಒಂದು ಬ್ಯಾಕ್ಟೀರಿಯದಿಂದ ಮತ್ತೊಂದಕ್ಕೆ ದಾಟಬಲ್ಲ ಡಿ.ಎನ್.ಎ. ಉಂಗುರಗಳಲ್ಲಿ, ಇರುವುದನ್ನು ಪೆಂಬರ್ಟನ್ ಮತ್ತು ಫಿಶರ್ ೧೯೭೭ರಲ್ಲಿ ವರದಿ ಮಾಡಿದರು. ಅಲ್ಲಿನ ಜೀನ್‌ಗಳು ರೂಪಿಸುವ ಕಿಣ್ವಗಳು ಮೊದಲು ಅಣುವಿನ ಪಾರ್ಶ್ವಸರಪಳಿಯನ್ನು ಕತ್ತರಿಸುತ್ತವೆ. ಅನಂತರ ಇಂಗಾಲದ ಉಂಗುರ ಬಿಚ್ಚಿಕೊಂಡು, ಕ್ಲೋರಿನ್ ಕಳಚಿ, ಉಳಿದ ಭಾಗ ಜೀವಕೋಶದ ಆಹಾರವಾಗುತ್ತದೆ. ವಂಶದಿಂದಷ್ಟೇ ಅಲ್ಲ, ನೆರೆಯವರಿಂದಲೂ ವಿದ್ಯೆ ಪಡೆಯುವ ಈ ಕ್ರಮ ಜನಪದದ ಪ್ರಸರಣವನ್ನು ನೆನಪಿಗೆ ತಂದರೂ, ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಸಲ್ಲದು.

ಅಟ್ರಜಿನ್ನಿನ ಚರಿತ್ರೆ ಭಿನ್ನವಾದುದು. ೧೯೫೦ರ ದಶಕದ ಕೊನೆಯಲ್ಲಿ ಬಂದ ಈ ಕಳೆನಾಶಕವನ್ನು ಪೂರ್ಣವಾಗಿ ಒಡೆಯಬಲ್ಲ ಬ್ಯಾಕ್ಟೀರಿಯಗಳು ಬಹುಕಾಲ ಕೈಗೆ ಸಿಗಲಿಲ್ಲ. ೧೯೯೫ರಲ್ಲಿ ಮ್ಯಾಂಡಲ್‌ಬಾಮ್, ಆಲನ್ ಮತ್ತು ವ್ಯಾಕೆಟ್ ಅಟ್ರಜಿನ್ನಿನಿಂದಲೇ ಸಾರಜನಕ ಪಡೆಯುವ ಸ್ಯೂಡೊಮೊನಾಸ್ ತಳಿಯೊಂದನ್ನು ವರದಿ ಮಾಡಿದರು. ಅದರ ಮೊದಲ ಕಿಣ್ವಕ್ಕೂ ಮೆಲಮಿನ್ ಎಂಬ ಬೇರೊಂದು ವಸ್ತುವನ್ನು ಒಡೆಯುವ ಕಿಣ್ವಕ್ಕೂ ೪೭೫ ಅಮೈನೋ ಆಮ್ಲಗಳ ಪೈಕಿ ೯ರಲ್ಲಷ್ಟೇ ವ್ಯತ್ಯಾಸ. ಇದು ತೀರ ಈಚಿನ ವಿಕಾಸವೆಂದು ಊಹಿಸಲು ಆಧಾರವಿದೆ.

ಆದರೆ ಮಣ್ಣು ಎಲ್ಲವನ್ನೂ ಅರಗಿಸಿಕೊಳ್ಳುತ್ತದೆಂಬ ನಂಬಿಕೆಯನ್ನು ಈ ಚರಿತ್ರೆ ಸಮರ್ಥಿಸುವುದಿಲ್ಲ. ಒಂದೇ ಹೊಲಕ್ಕೆ ವರ್ಷವರ್ಷವೂ ಅಟ್ರಜಿನ್ ಹಾಕಿದಲ್ಲಿ ಅದು ಬೇಗನೆ ಒಡೆದು ಕಳೆಯ ಹತೋಟಿ ತಪ್ಪಿದ್ದುಂಟು. ಮೇಲ್ಮಣ್ಣಿನ ಜೀವಿಗಳ ಕೈತಪ್ಪಿ ಆಳಕ್ಕೆ ಇಳಿದ ಅಂಶ ಅಂತರ್ಜಲದಲ್ಲಿ ಉಳಿದದ್ದೂ ಉಂಟು. ಲೀಟರಿಗೆ ೦.೧ ಮೈಕ್ರೊಗ್ರಾಂ ಮಿತಿಯನ್ನು ಅಂತರ್ಜಲದಲ್ಲಿ ಕಾಯ್ದುಕೊಳ್ಳುವ ಭರವಸೆ ಸಾಲದೆಂದು ಯುರೋಪಿಯನ್ ಒಕ್ಕೂಟವು ೨೦೦೪ರಲ್ಲಿ ಅಟ್ರಜಿನ್ನಿಗೆ ಅನುಮತಿ ನಿರಾಕರಿಸಿತು.