ಗದ್ದೆ ಹೋದರೆ ಮಾತೂ ಹೋಗುತ್ತೆ

ಜಪಾನಿನಲ್ಲಿ ಬಳಕೆ ತಪ್ಪಿಹೋದ ಪದಗಳಿಗೆ ‘ಶಿಗೋ’ ಅಂತಾರೆ. ಅಂದರೆ ಸತ್ತ ಮಾತು. ಹಳೇ ಮನೆ, ಹಳೇ ಕಸುಬು ಹೋದ ಹಾಗೆ ಅವುಗಳ ಹೆಸರೂ ಹೋಯ್ತು. ಅಷ್ಟು ದೂರ ಯಾಕೆ, ನಮ್ಮ ಕೊಡಗಿನ ಮಾದಾಪುರಕ್ಕೇ ಬನ್ನಿ.

ಇಲ್ಲಿ ಹಿಂದೆ ಗದ್ದೆ ಎಷ್ಟಿದೆ ಅಂತ ಕೇಳಿದರೆ ಎಕರೆ ಲೆಕ್ಕ ಹೇಳ್ತಿರಲಿಲ್ಲ. ‘ಬಟ್ಟಿ’ ಲೆಕ್ಕ ಹೇಳ್ತಿದ್ದರು. ಅಂದರೆ ಆ ಗದ್ದೆ ಎಷ್ಟು ಭತ್ತ ಕೊಡುತ್ತೆ ಅನ್ನೋದೇ ಅದರ ಅಳತೆ. 100 ಬಟ್ಟಿ ಭೂಮಿ ಅಂದರೆ ಸುಮಾರು 3 ಎಕರೆ. ಸಾಮಾನ್ಯ ‘ಸಾಗು’ ಭೂಮಿಯಾದರೆ ಅದಕ್ಕೆ ಕಂದಾಯ 10 ರೂಪಾಯಿ. ‘ಜಮ್ಮಾ’ ಆದರೆ 5 ರೂಪಾಯಿ. ಅರ್ಧ ಯಾಕೆ? ಜಮ್ಮಾ ಹಿಡಿದವನು ರಾಜ ಕರೆದಾಗ ಕೋವಿ, ಕತ್ತಿ ಹಿಡಿದು ಹೋಗಬೇಕಿತ್ತು. ‘ಜನ್ಮ’ ಅನ್ನೋ ಪದವೇ ಇಲ್ಲಿ ಜಮ್ಮಾ ಆಗಿದೆ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದರು. ರಾಜ ಹೋದ, ಪದ ಉಳಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಇನ್ನು ‘ಬಾಣೆ’. ದನ ಮೇಯೋದಕ್ಕೆ, ಸೌದೆಗೆ, ಗೊಬ್ಬರದ ಸೊಪ್ಪಿಗೆ ಅಂತ ಗದ್ದೆಗೆ ಸೇರಿಸಿ ಕೊಟ್ಟ ಜಾಗ. ಅದರ ಒಡೆತನ ಯಾರದು ಅನ್ನೋ ಜಗಳ ಹೈಕೋರ್ಟ್‌ವರೆಗೂ ಹೋಯ್ತು. ಕೊನೆಗೆ 2011ರಲ್ಲಿ ಭೂಕಂದಾಯ ಕಾಯ್ದೆಗೇ ತಿದ್ದುಪಡಿ ತಂದರು. ನೋಡಿ, ಒಂದು ಹಳೇ ಪದದ ಅರ್ಥ ಮರೆತರೆ ಎಷ್ಟು ದುಬಾರಿಯಾಗುತ್ತೆ!

ಕಾಗದದಲ್ಲಿರೋ ಪದಕ್ಕೆ ಕೋರ್ಟಾದರೂ ಇದೆ. ಬರೀ ಬಾಯಲ್ಲಿರೋ ಪದಕ್ಕೆ ಯಾರಿದ್ದಾರೆ? ಪುತ್ತರಿ ದಿನ ಐನ್‌ಮನೆಯಲ್ಲಿ ಒಕ್ಕದವರೆಲ್ಲ ಸೇರಿ, ನೆರೆ ಕಟ್ಟಿ, ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾ ಗದ್ದೆಗೆ ಹೋಗಿ ಕದಿರು ತರ್ತಾರೆ. ‘ಹೆಚ್ಚಲಿ ದೇವರೇ’ ಅನ್ನೋ ಪ್ರಾರ್ಥನೆ ಅದು. ಕದಿರು ಕೊಯ್ಯೋಕೆ ಗದ್ದೆಯೇ ಇಲ್ಲದಿದ್ದರೆ ಹೆಚ್ಚಬೇಕಾದದ್ದು ಏನು ಸ್ವಾಮಿ?

2018ರ ಆಗಸ್ಟ್ ನೆನಪಿದೆಯಾ? ಮಾದಾಪುರದ ಸುತ್ತಮುತ್ತ, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಬೆಟ್ಟಗಳೇ ಜಾರಿ ಬಂದವು. ಗದ್ದೆಗಳ ಮೇಲೆ ಮಣ್ಣು, ಮರಳು. ಮನೆಗೆ ಪರಿಹಾರದ ಲೆಕ್ಕ ಹಾಕಬಹುದು. ಆ ಗದ್ದೆಯ ಜೊತೆ ಹೂತುಹೋದ ಮಾತಿಗೆ ಯಾವ ಲೆಕ್ಕ?

2001ರ ಜನಗಣತಿಯಲ್ಲಿ ಕೊಡವ ಭಾಷೆ ನಮ್ಮ ಮಾತೃಭಾಷೆ ಅಂದವರು 1,66,187 ಜನ. 2011ರಲ್ಲಿ 1,13,857. ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಯುನೆಸ್ಕೋ ಕೊಡವ ತಕ್ಕ್ ಹೆಸರನ್ನೂ ಸೇರಿಸಿದೆ.

ಹಾಗಂತ ಕೈಕಟ್ಟಿ ಕೂರಬೇಕಾ? ನಡಿಕೇರಿಯಂಡ ಚಿಣ್ಣಪ್ಪ ಕೂರಲಿಲ್ಲ. ಹಿರಿಯರ ಬಾಯಲ್ಲಿದ್ದ ಹಾಡು, ಗಾದೆ, ಪದ್ಧತಿಗಳನ್ನೆಲ್ಲ ಬರೆದಿಟ್ಟುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದರು. ಆಗ ಟೇಪ್ ರೆಕಾರ್ಡರ್ ಇರಲಿಲ್ಲ, ಮೊಬೈಲ್ ಇರಲಿಲ್ಲ. ಇವತ್ತು ನಿಮ್ಮ ಜೇಬಲ್ಲೇ ಎರಡೂ ಇವೆ.

ಕೊಡವ ತಕ್ಕ್ ಇರಲಿ, ಅರೆಭಾಷೆ ಇರಲಿ, ನಿಮ್ಮೂರಿನ ಕನ್ನಡವೇ ಇರಲಿ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿ ಹತ್ತಿರ ಕೂತು, ಗದ್ದೆ ಕೆಲಸದ ಹತ್ತು ಮಾತು ಕೇಳಿ, ರೆಕಾರ್ಡ್ ಮಾಡ್ಕೊಳ್ಳಿ. ಹೇಳೋರು ಇರುವಾಗಲೇ ಕೇಳಬೇಕು.