ಶಿಸ್ತಿನ ಲೆಕ್ಕ

ಅಂಜನಾಪುರದ ಕಟ್ಟೆಯ ಮೇಲೆ ನಿಂತವನಿಗೆ ಕುಮುದ್ವತಿಯ ನೀರು ಎಷ್ಟು ನಿಂತಿದೆಯೆಂಬುದು ಕಣ್ಣಿಗೇ ಗೋಚರವಾಗುವುದು. ಯಾವ ಗುಮಾಸ್ತನನ್ನೂ ಕೇಳಬೇಕಾಗಿಲ್ಲ. ಆ ನೀರುಂಡ ಗದ್ದೆಯ ಕಂದಾಯವೆಷ್ಟು, ಅದು ಯಾರ ಹೆಸರಿನಲ್ಲಿದೆ ಎಂಬುದಾದರೋ ಬಹುಕಾಲ ಕಡತದೊಳಗಿನ ಮಾತಾಗಿತ್ತು. ಸರ್ಕಾರದ ಲೆಕ್ಕವು ರೈತನಿಗೂ ತಿಳಿದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಹಳೆಯ ನಿದರ್ಶನವೊಂದಿದೆ.

ಕೆಳದಿಯ ಶಿವಪ್ಪನಾಯಕನು (1645–1660) ಭೂಮಿಯನ್ನು ಗುಣಾನುಸಾರವಾಗಿ ಐದು ತರವಾಗಿ ವಿಂಗಡಿಸಿ, ಊರೂರಲ್ಲಿ ಮಾದರಿಯ ಹೊಲಗಳನ್ನಾರಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆಗಳನ್ನು 12 ವರ್ಷ ಬರೆಯಿಸಿ, ಅದರ ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಹೇಳುವರು. ಇದೇ ಶಿವಪ್ಪನಾಯಕನ ಶಿಸ್ತು. ಶಾಲೆಯಲ್ಲಿ ನಾವು ಬೆತ್ತ ತೋರಿಸಿ ಕಲಿಸುತ್ತಿದ್ದ ಶಿಸ್ತಿಗೂ ಇದಕ್ಕೂ ಹೆಸರೊಂದೇ. ಆದರೆ ಇಲ್ಲಿ ಕಟ್ಟು ಬಿದ್ದುದು ರೈತನೊಬ್ಬನಿಗಲ್ಲ, ಅರಮನೆಗೂ ಕೂಡ. ಮುಂದಿನವರು ದಾಸೋಹ, ಪಗದಿ ಮೊದಲಾದ ಪಟ್ಟಿಗಳನ್ನು ಹೇರಿದರು. ಹೇರಿದರೂ ಅವು ಶಿಸ್ತಿನಲ್ಲಿ ಕರಗಿಹೋಗಲಿಲ್ಲ. ಮೂಲದ ಅಂಕಿ ತಿಳಿದಿದ್ದುದರಿಂದ, ಅದರ ಮೇಲೆ ಕೂಡಿದುದೆಷ್ಟೆಂಬುದನ್ನು ಬೇರೆಯಾಗಿಯೇ ಎಣಿಸಬಹುದಾಗಿತ್ತು.

1830ರಲ್ಲಿ ನಗರದ ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದುದು ವಾಚಕರಿಗೆ ತಿಳಿದೇ ಇದೆ. ದಂಗೆಯ ಫಲವಾಗಿ ಮರುವರ್ಷ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವೇ ಕಂಪನಿಯವರ ಕೈಗೆ ಹೋಯಿತು. ಅಮಲ್ದಾರನ ಬಾಯಿಮಾತೇ ಲೆಕ್ಕವಾದಾಗ ರೈತನಿಗೆ ಕೂಟವೊಂದೇ ಗತಿಯೆಂಬುದು ನನ್ನ ಅಭಿಪ್ರಾಯ.

1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿತು. ಅದೇ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿ ಆಡಳಿತದ ವರದಿಯನ್ನು ಅವರೆದುರಿಗಿಟ್ಟರು. ಆಗ ಮತಹಾಕುವ ಅಧಿಕಾರ ಅವರಿಗಿರಲಿಲ್ಲ. ಕೇಳುವ, ಅರಿಕೆ ಮಾಡುವ ಅವಕಾಶ ಮಾತ್ರವೇ.

2000ದಲ್ಲಿ ಕರ್ನಾಟಕವು ಮಾಹಿತಿ ಹಕ್ಕಿನ ಶಾಸನವನ್ನು ಮಾಡಿತು. ಕೇಂದ್ರದ ಶಾಸನ ಬಂದುದು 2005ರಲ್ಲಿ. ಅದೇ ಕಾಲದ ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಿಂದ ಗಣಕಯಂತ್ರಕ್ಕೇರಿದುವು. ಇಂದು ಸರ್ವೆ ನಂಬರು ಹೇಳಿದ ಯಾರಿಗಾದರೂ ಪಹಣಿ ದೊರೆಯುವುದು. ಭೂಮಿಯ ವ್ಯಾಪಾರಿಗೂ ದೊರೆಯುವುದೆಂಬುದನ್ನು ಮರೆಯಬಾರದು. ಓದಬಲ್ಲವನಿಗೆ ಅದು ಬೇಗ ಫಲಿಸುವುದು. ತಾತನ ಹೆಸರಿನಲ್ಲೇ ಉಳಿದ ಖಾತೆ, ತಪ್ಪಿ ಬರೆದ ಕುಂಟೆ, ಇವು ಅಚ್ಚಿನಲ್ಲಿ ಕಾಣುತ್ತವೆ, ಕಂಡಮಾತ್ರಕ್ಕೆ ತಿದ್ದಿಹೋಗುವುದಿಲ್ಲ. ಅದಕ್ಕೆ ಅರ್ಜಿ ಹಿಡಿದು ಇಂದಿಗೂ ತಾಲೂಕು ಕಚೇರಿಯ ಮೆಟ್ಟಿಲು ಹತ್ತಬೇಕು.