ಬಿಜಾಪುರದ ಕೊಳವೆ, ಸಿಂಗಸಂದ್ರದ ಬೆಂಕಿ

ಸಿಂಗಸಂದ್ರದ ಮೆಟ್ರೊ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ರಾತ್ರಿ ಹನ್ನೊಂದರವರೆಗೂ ತೆರೆದಿರುವ ಟೀ ಅಂಗಡಿಯೊಂದಿದೆ. ಅದರ ಕಂಬಕ್ಕೆ ದಾರ ಕಟ್ಟಿ ಒಂದು ಲೈಟರ್ ನೇತುಹಾಕಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪಾಳಿ ಮುಗಿಸಿದವರು, ಬೊಮ್ಮಸಂದ್ರದ ಕಾರ್ಖಾನೆಗಳಿಂದ ಬಂದವರು, ಪಿ.ಜಿ.ಯ ಊಟ ರುಚಿಸದೆ ಹೊರಬಿದ್ದವರು ಎಲ್ಲರೂ ಆ ದಾರದ ಸುತ್ತ ನಿಲ್ಲುತ್ತಾರೆ. ಲೈಟರಿನಲ್ಲಿ ಗ್ಯಾಸ್ ಮುಗಿದ ದಿನ 'ಬೆಂಕಿ ಇದ್ಯಾ ಗುರು?' ಎಂಬ ಮಾತು ಕೇಳಿಬರುತ್ತದೆ. ಹೊಸೂರು ರಸ್ತೆಯಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಮಾತನಾಡಿಸುವ ಸಂದರ್ಭಗಳು ನನಗೆ ತಿಳಿದಂತೆ ಎರಡೇ: ಗಾಡಿಗೆ ಗಾಡಿ ತಾಗಿದಾಗ, ಮತ್ತು ಬೆಂಕಿ ಬೇಕಾದಾಗ.

ಏಳು ವರ್ಷ ನಾನೂ ಅಂಥ ಅಂಗಡಿಗಳ ಮುಂದೆ ನಿಂತವನೇ. ಬಿಟ್ಟು ಈಗ ಹದಿನಾಲ್ಕು ತಿಂಗಳಾಯಿತು. ಸ್ವಂತ ಮನೋಬಲದಿಂದ ಬಿಟ್ಟೆ ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಆಕರ ಬಿಟ್ಟು ಮಾತಾಡುವ ಹಾಗಿಲ್ಲ. ನನ್ನ ಮನೆಯಲ್ಲಿರುವ ಆಕರವೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಒಂದು ಹಾಳೆ. ಅದರಲ್ಲಿ ಮೂವರ ಕೈಬರಹವಿದೆ, ನನ್ನದು ಮಾತ್ರ ಇಲ್ಲ. ಆ ಹಾಳೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಹಳೆಯ, ಅದಕ್ಕಿಂತ ಸ್ವಾರಸ್ಯಕರವಾದ ಆಕರವೊಂದು ನಮ್ಮ ವಿಜಯಪುರಕ್ಕೆ ಸಂಬಂಧಿಸಿದ್ದು. ಅಲ್ಲಿಂದ ಶುರುಮಾಡುವುದೇ ಸರಿ.

ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. 1510ರಲ್ಲಿ ಗೋವೆಯನ್ನು ಅವರಿಗೆ ಕಳೆದುಕೊಂಡ ಆದಿಲ್‌ಶಾಹಿಗಳು ಅವರೊಂದಿಗೆ ಜಗಳ, ವ್ಯಾಪಾರ ಎರಡನ್ನೂ ಒಟ್ಟಿಗೇ ನಡೆಸಿಕೊಂಡು ಬಂದವರು. ಹಾಗಾಗಿ ಹದಿನೇಳನೆಯ ಶತಮಾನದ ಆರಂಭಕ್ಕೆ ಬಿಜಾಪುರದಲ್ಲಿ ಹೊಗೆಸೊಪ್ಪು ಸಿಗುತ್ತಿತ್ತು. ಆಗ್ರಾದ ಆಸ್ಥಾನಕ್ಕೆ ಅದರ ಪರಿಚಯವಿರಲಿಲ್ಲ. (ಕನ್ನಡ ಈ ಹೊಸ ಅಭ್ಯಾಸಕ್ಕೆಂದು ಹೊಸ ಕ್ರಿಯಾಪದ ಹುಡುಕುವ ಗೋಜಿಗೆ ಹೋಗಲಿಲ್ಲ. ಬಾವಿಯಿಂದ ನೀರು ಸೇದುವ ಪದವನ್ನೇ ಅದಕ್ಕೂ ಕೊಟ್ಟುಬಿಟ್ಟಿತು.)

ಎರಡನೇ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ತಂದುಕೊಳ್ಳುವ ಮದುವೆಯ ಕೆಲಸಕ್ಕಾಗಿ ಅಸದ್ ಬೇಗ್ ಎಂಬ ಅಧಿಕಾರಿ ಬಿಜಾಪುರಕ್ಕೆ ಬಂದಿದ್ದ. ಮೊದಲು ಅಬುಲ್ ಫಜಲನ ಬಳಿ ಸೇವೆಯಲ್ಲಿದ್ದವನು. 1604ರ ಸುಮಾರಿಗೆ ಹಿಂದಿರುಗುವಾಗ ಉಡುಗೊರೆಗಳ ಜೊತೆ ಹೊಗೆಸೊಪ್ಪನ್ನೂ ಒಯ್ದ. ತಾನು ಬರೆದಿಟ್ಟ ವೃತ್ತಾಂತದಲ್ಲಿ ಆ ಪ್ರಸಂಗವನ್ನು ಬಹಳ ಪ್ರೀತಿಯಿಂದ ವಿವರಿಸಿದ್ದಾನೆ. ಅಚೆಯಿಂದ ಬಂದ ಮೂರು ಮೊಳದ ಕೊಳವೆ, ಅದರ ಎರಡೂ ತುದಿಗೆ ರತ್ನದ ಕೆಲಸ, ಬಾಯಿಗಿಡುವ ಕಡೆ ಯೆಮನ್ ದೇಶದ ಕೆಂಪು ಕಲ್ಲು, ಬೆಂಕಿಗೆ ಚಿನ್ನದ ಬಟ್ಟಲು. ಆದಿಲ್‌ಶಾಹ ಕೊಟ್ಟಿದ್ದ ಎಲೆಅಡಿಕೆಯ ಚೀಲದಲ್ಲಿ ಸೊಪ್ಪು ತುಂಬಿಸಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿಟ್ಟಿದ್ದ.

ಅಕ್ಬರನ ಕಣ್ಣು ತಟ್ಟೆಯ ಮೇಲೆ ಬಿತ್ತು. ಸಿದ್ಧಮಾಡು ಎಂದ. ಕೊಳವೆ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಆಸ್ಥಾನದ ವೈದ್ಯ ಮುಂದೆ ಬಂದು ಬೇಡವೆಂದು ತಡೆದ. ಆಗ ಅಕ್ಬರ್ ಹೇಳಿದ ಮಾತಿನ ಸಾರ ಇಷ್ಟು: ಅಸದನ ಸಂತೋಷಕ್ಕಾದರೂ ಸ್ವಲ್ಪ ಸೇದಬೇಕು. ಎರಡು ಮೂರು ದಮ್ಮು ಎಳೆದ. ವೈದ್ಯ ಮತ್ತೆ ತಡೆದಾಗ ಕೊಳವೆಯನ್ನು ಪಕ್ಕದಲ್ಲಿದ್ದ ಖಾನ್-ಇ-ಆಜಮ್ ಮಿರ್ಜಾ ಅಜೀಜ್ ಕೋಕನಿಗೆ ಕೊಟ್ಟ. ಅವನು ಅಕ್ಬರನಿಗೆ ಹಾಲೂಡಿಸಿದ ದಾದಿಯ ಮಗ, ಬಾಲ್ಯದ ಒಡನಾಡಿ. ಅವನೂ ಎರಡು ಮೂರು ಸಲ ಎಳೆದ. ನಂತರ ದೊಡ್ಡ ವಾದವೇ ನಡೆಯಿತು. ನಮ್ಮ ಗ್ರಂಥಗಳಲ್ಲಿ ಇಲ್ಲದ, ಪರೀಕ್ಷಿಸದ ವಸ್ತುವನ್ನು ಫರಂಗಿಗಳು ಹೊಗಳಿದರೆಂದು ನಾವೇಕೆ ಬಳಸಬೇಕು ಎಂದು ವೈದ್ಯ. ಪ್ರಪಂಚದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ತಾನೆ ಎಂದು ಅಸದ್ ಬೇಗ್. ಅಕ್ಬರ್ ಅಸದನ ಚಾತುರ್ಯ ಮೆಚ್ಚಿದ. ನಾಲ್ಕು ಶತಮಾನ ಕಳೆದ ಮೇಲೆ ಓದುವಾಗ ಅಸದನ ವಾದ ಬಹಳ ಚುರುಕಾಗಿದೆ, ವೈದ್ಯನ ಮಾತು ಸರಿಯಾಗಿದೆ.

ಅಸದ್ ಬೇಗ್ ಹೇಳುವ ಮುಂದಿನ ಸಂಗತಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತನ್ನ ಬಳಿ ಬೇಕಾದಷ್ಟು ಸೊಪ್ಪು, ಕೊಳವೆಗಳಿದ್ದುದರಿಂದ ಹಲವು ಸರದಾರರಿಗೆ ಕಳಿಸಿಕೊಟ್ಟನಂತೆ. ಉಳಿದವರು ಕೇಳಿ ಪಡೆದರಂತೆ. ವರ್ತಕರು ಮಾರಲು ಶುರುಮಾಡಿದ್ದು ಆಮೇಲೆ. ಅಂದರೆ ಆ ಆಸ್ಥಾನದಲ್ಲಿ ತಂಬಾಕಿಗೆ ಮೊದಲು ಸಿಕ್ಕಿದ್ದು ಗೆಳೆಯರ ಕೈ, ಪೇಟೆ ಆಮೇಲೆ. ಅಕ್ಬರ್ ಮಾತ್ರ ಅದನ್ನು ರೂಢಿಮಾಡಿಕೊಳ್ಳಲಿಲ್ಲ.

ನಿದ್ದೆಗೆಟ್ಟದ್ದು ಯಾಕೆಂದರೆ, ನಾನೂ ಒಬ್ಬ ಅಸದ್ ಬೇಗನೇ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವನು ಪಿರಿಯಾಪಟ್ಟಣದ ಕಡೆಯ ಹುಡುಗ. ಅವನ ಮನೆಯವರು ಹೊಗೆಸೊಪ್ಪು ಬೆಳೆಗಾರರು. ಬ್ಯಾರನ್ನಿನಲ್ಲಿ ಸೊಪ್ಪು ಹದವಾಗುವ ರಾತ್ರಿಗಳಲ್ಲಿ ಅಪ್ಪನ ಜೊತೆ ಬೆಂಕಿ ಕಾದು ಬೆಳೆದವನು, ಒಂದು ದಿನವೂ ಸಿಗರೇಟು ಮುಟ್ಟಿದವನಲ್ಲ. ಪರೀಕ್ಷೆ ಮುಗಿದ ಸಂಜೆ ನಾನು ಕೊಟ್ಟೆ. ಬೇಡ ಅಂದ. 'ನನಗೋಸ್ಕರ' ಅಂದೆ. ಅಕ್ಬರನಂತೆ ಅವನು ಎರಡು ದಮ್ಮಿಗೆ ನಿಲ್ಲಿಸಲಿಲ್ಲ.

ಅಸದ್ ಬೇಗ್ ಕುದುರಿಸಲು ಬಂದಿದ್ದ ಆ ಮದುವೆಯ ವರ ದಾನಿಯಾಲನ ಗತಿಯನ್ನೂ ಇಲ್ಲೇ ಹೇಳಬೇಕು. ಅವನಿಗೆ ಕುಡಿತದ ಚಟ. ಅಕ್ಬರ್ ಕಾವಲು ಹಾಕಿಸಿ ಮದ್ಯ ಸಿಗದಂತೆ ಮಾಡಿಸಿದ್ದ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆಯುವಂತೆ, ದಾನಿಯಾಲನ ಗೋಳಾಟ ನೋಡಲಾರದ ಬಂಟನೊಬ್ಬ ಬಂದೂಕಿನ ನಳಿಗೆಯಲ್ಲಿ ಮದ್ಯ ತುಂಬಿ ಒಳಗೆ ಸಾಗಿಸಿದ. ನಳಿಗೆಯ ತುಕ್ಕು, ಮದ್ದಿನ ಪುಡಿ ಎಲ್ಲ ಅದರಲ್ಲಿ ಬೆರೆತಿತ್ತು. 1605ರಲ್ಲಿ ದಾನಿಯಾಲ್ ಸತ್ತ. ಬಂಟನದು ದ್ರೋಹವೆಂದು ನನಗೆ ಅನ್ನಿಸುವುದಿಲ್ಲ. ಸಿಗರೇಟು ಬಿಟ್ಟ ಮೊದಲ ವಾರದಲ್ಲಿ ನನಗೂ 'ಪಾಪ, ಒಂದು ಸೇದ್ಲಿ ಬಿಡ್ರೋ' ಎನ್ನುವ ಕರುಣಾಳುಗಳು ಸಿಕ್ಕಿದ್ದರು.

ಮುಂದೆ ಜಹಾಂಗೀರನೇ 1617ರಲ್ಲಿ ತಂಬಾಕು ಸೇದಕೂಡದೆಂದು ಆಜ್ಞೆ ಹೊರಡಿಸಿದ. ಇರಾನಿನ ಶಾ ಅಬ್ಬಾಸನೂ ಅಂಥದ್ದೇ ಆಜ್ಞೆ ಮಾಡಿದ್ದ. ಆದರೆ ಜಹಾಂಗೀರನ ರಾಯಭಾರಿಯಾಗಿ ಇರಾನಿಗೆ ಹೋಗಿದ್ದ ಖಾನ್ ಆಲಮನಿಗೆ ಒಂದು ಗಳಿಗೆಯೂ ತಂಬಾಕಿಲ್ಲದೆ ಆಗುತ್ತಿರಲಿಲ್ಲ. ವಿಷಯ ಶಾನ ಕಿವಿಗೆ ಬಿತ್ತು. ಸ್ನೇಹಿತ ಕಳಿಸಿದ ದೂತನಲ್ಲವೇ ಎಂದು ಶಾ ದ್ವಿಪದಿಯೊಂದನ್ನು ಬರೆದು ಅವನಿಗೆ ವಿನಾಯಿತಿ ಕೊಟ್ಟ. ಎರಡು ಸಾಮ್ರಾಜ್ಯಗಳ ನಿಷೇಧ ಒಬ್ಬ ಅತಿಥಿಯ ದಾಕ್ಷಿಣ್ಯದ ಮುಂದೆ ಸೋತಿತು. ಹಿಂದೂಸ್ತಾನದಲ್ಲಿಯೂ ಆ ಆಜ್ಞೆಯಿಂದ ತಂಬಾಕು ನಿಲ್ಲಲಿಲ್ಲ.

ಹಾಗಾದರೆ ನಿಂತದ್ದು ಎಲ್ಲಿ? ಒಂದು ಉದಾಹರಣೆಯ ಎಳೆ ಮತ್ತೆ ಕರ್ನಾಟಕಕ್ಕೇ ಬರುತ್ತದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ಮೊದಲು ಎದ್ದು ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ಕುಟುಂಬದವರು ಎನ್ನುತ್ತದೆ ಸಿಖ್ ಪರಂಪರೆ. ಖಾಲ್ಸಾದ ನಿಯಮಗಳಲ್ಲಿ ತಂಬಾಕು ನಿಷಿದ್ಧ. ಇದೂ ನಿಷೇಧವೇ. ಆದರೆ ಪಕ್ಕದಲ್ಲಿ ಕೂತು ಒಂದೇ ಬಟ್ಟಲಿನಿಂದ ಅಮೃತ ಕುಡಿದವರು ಪರಸ್ಪರರ ಎದುರು ಒಪ್ಪಿಕೊಂಡ ನಿಷೇಧ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ದೇಶದ ಪ್ರಮಾಣ ಶೇ. 28.6, ಕರ್ನಾಟಕದ್ದು ಶೇ. 22.8, ಪಂಜಾಬಿನದು ಶೇ. 13.4. ಮುನ್ನೂರು ವರ್ಷದ ಒಂದು ಶಪಥಕ್ಕೇ ಇಡೀ ವ್ಯತ್ಯಾಸವನ್ನು ಕಟ್ಟಲಾಗದು ಎಂಬುದು ಗೊತ್ತು. ಆದರೂ ಜಹಾಂಗೀರನ ಫರ್ಮಾನಿಗೆ ಅಂಥ ಅಂಕಿಯ ನೆರಳೂ ಸಿಗಲಿಲ್ಲ.

ಬೆಂಗಳೂರಿಗೆ ಬರುತ್ತೇನೆ. 1910ರ ದಶಕದ ಆರಂಭದಲ್ಲೇ ದಂಡುಪ್ರದೇಶದಲ್ಲಿ, ಇಂದಿನ ಪುಲಕೇಶಿನಗರದ ಕಡೆ, ಸಿಗರೇಟು ಕಾರ್ಖಾನೆ ಬಂತು. ಯಂತ್ರ ಸುತ್ತಿದ ಸಿಗರೇಟಿಗೆ ಚಿಲುಮೆಯಂತೆ ತುಂಬುವ, ಕೈಬದಲಿಸುವ ಕೆಲಸವಿಲ್ಲ, ಒಬ್ಬನೇ ಸೇದಬಹುದು. ಆದರೆ ಯಾರೂ ಒಬ್ಬರೇ ಶುರುಮಾಡಲಿಲ್ಲ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಲಂಡನ್ನಿನ ರೋಗಿಗಳಲ್ಲಿ ತೋರಿಸಿದರು. ತಮ್ಮದೇ ಅಂಕಿ ನೋಡಿ ಡಾಲ್ ಸಿಗರೇಟು ಬಿಟ್ಟರು. ಅಂಕಿ ನೋಡಿ ಬಿಡುವಷ್ಟು ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಕಾನೂನುಗಳೂ ಬಂದವು. ಕರ್ನಾಟಕದ್ದೇ ಒಂದು 2001ರಲ್ಲಿ, ಕೇಂದ್ರದ್ದು 2003ರಲ್ಲಿ. 2008ರ ಅಕ್ಟೋಬರ್ 2ರಿಂದ ಕಚೇರಿ, ಹೋಟೆಲು, ನಿಲ್ದಾಣಗಳಲ್ಲಿ ನಿಷೇಧ ಬಿಗಿಯಾಯಿತು. ಇದರಿಂದ ಆದ ಉಪಕಾರ ಸಣ್ಣದಲ್ಲ. ಪಕ್ಕದವನ ಹೊಗೆ ಕುಡಿಯುವುದು ತಪ್ಪಿತು. ಆದರೆ ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ ಸೇದುವವರೆಲ್ಲ ಗೇಟಿನಾಚೆ ಬಂದು ಒಂದೇ ಟೀ ಅಂಗಡಿ ಸೇರಿದರು. ಮ್ಯಾನೇಜರೂ ಸೆಕ್ಯುರಿಟಿಯವನೂ ಸರಿಸಮನಾಗಿ ನಿಂತು ಮಾತಾಡುವ ಜಾಗ ಅದೊಂದೇ ಎಂದು ಅಲ್ಲಿ ಕೆಲಸ ಮಾಡುವ ಗೆಳೆಯ ಹೇಳುತ್ತಿದ್ದ. ಸಿಗರೇಟು ಬಿಡುವುದೆಂದರೆ ಆ ಜಾಗವನ್ನೂ ಬಿಡಬೇಕು, ಕಷ್ಟವಿರುವುದು ಅಲ್ಲಿ. 2017ರಲ್ಲಿ ರಾಜ್ಯ ಸರ್ಕಾರ ಬಿಡಿ ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. 'ಬಿಡಿ ಸಿಗರೇಟು' ಎಂದು ಬರೆದರೆ ಅದನ್ನು ವಿನಂತಿಯಾಗಿಯೂ ಓದಬಹುದಲ್ಲ ಎಂದು ನಾವು ನಗುತ್ತಿದ್ದೆವು, ಬಿಡಿಯಾಗಿ ಕೊಂಡ ಸಿಗರೇಟನ್ನು ಸೇದುತ್ತಲೇ.

ಸಿಂಗಸಂದ್ರದಿಂದ ಇದೇ ಹೊಸೂರು ರಸ್ತೆಯಲ್ಲಿ ಊರೊಳಗೆ ಹೋದರೆ ನಿಮ್ಹಾನ್ಸ್ ಸಿಗುತ್ತದೆ. ತಂಬಾಕು ಬಿಡುವವರಿಗಾಗಿ 2016ರಲ್ಲಿ ದೆಹಲಿಯಲ್ಲಿ ಶುರುವಾದ ಉಚಿತ ದೂರವಾಣಿ ಸೇವೆ 2018ರಲ್ಲಿ ಇಲ್ಲಿಗೂ ವಿಸ್ತರಿಸಿ ಕನ್ನಡದಲ್ಲೂ ಸಿಗುವಂತಾಯಿತು. ಸಂಖ್ಯೆ 1800-11-2356, ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುತ್ತದೆ. ಬಿಡುವ ದಿನವನ್ನು ಗೊತ್ತುಮಾಡಿಸಿ, ಆಮೇಲೆ ಅವರೇ ಕರೆ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ. ಗೆಳೆಯರಿಲ್ಲದವನಿಗೆ ಸರ್ಕಾರ ಒದಗಿಸಿದ ಗೆಳೆಯ ಎನ್ನಬಹುದು.

ಗೆಳೆಯರ ಪ್ರಭಾವವನ್ನು ಅಳೆದವರೂ ಇದ್ದಾರೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಹೃದಯ ಅಧ್ಯಯನದ ದಾಖಲೆಗಳಲ್ಲಿ 12,067 ಜನರ 1971ರಿಂದ 2003ರವರೆಗಿನ ಸಂಬಂಧಗಳ ಜಾಲವನ್ನು ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಬಿಡಿಸಿ ನೋಡಿ 2008ರಲ್ಲಿ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು ಕಡಿಮೆಯಾಗುತ್ತಿತ್ತು, ಗೆಳೆಯ ಬಿಟ್ಟರೆ ಶೇ. 36, ಒಡಹುಟ್ಟಿದವರು ಬಿಟ್ಟರೆ ಶೇ. 25. ಬಿಡುವವರು ಗುಂಪುಗುಂಪಾಗಿ ಒಟ್ಟಿಗೇ ಬಿಡುತ್ತಿದ್ದರು. ಬಿಡದೆ ಉಳಿದವರು ಜಾಲದ ಅಂಚಿಗೆ ಸರಿಯುತ್ತಿದ್ದರು. ಒಂದೇ ಸ್ವಭಾವದವರು ಗೆಳೆಯರಾಗುವುದರಿಂದಲೇ ಹೀಗೆ ಕಾಣುತ್ತಿರಬಹುದು ಎಂಬ ಆಕ್ಷೇಪವೂ ಬಂದಿದೆ, ಅದು ನ್ಯಾಯವಾದ ಆಕ್ಷೇಪ. ಅಂಚಿಗೆ ಸರಿದವರ ಚಿತ್ರ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಗೇಟಿನಾಚೆಯ ಟೀ ಅಂಗಡಿ ನನಗೆ ಅದರಲ್ಲಿ ಕಂಡಿತು.

ಇನ್ನು ಫ್ರಿಜ್ಜಿನ ಹಾಳೆ. ಎ.ಇ.ಸಿ.ಎಸ್. ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ವರಿದ್ದೇವೆ. ಮಹಡಿ ಹತ್ತುವಾಗ ನಾನು ಏದುಸಿರು ಬಿಡುವುದನ್ನು ನೋಡಿ ಒಬ್ಬ ಏನೂ ಹೇಳದೆ ಒಂದು ತಾರೀಖು ಬರೆದು ಅಂಟಿಸಿದ. ಇನ್ನೊಬ್ಬ ಅದರ ಕೆಳಗೆ ದಿನಕ್ಕೊಂದು ಗೀಟು ಹಾಕತೊಡಗಿದ. ಮೂರನೆಯವನು ತಾನೂ ಸೇದುತ್ತಿದ್ದವನು, ನನ್ನೆದುರು ಸೇದುವುದನ್ನು ನಿಲ್ಲಿಸಿದ. ಅದೇ ದೊಡ್ಡ ಸಹಾಯವಾಯಿತು. ಹತ್ತೊಂಬತ್ತನೆಯ ಗೀಟಿನ ಮುಂದೆ ಒಂದು ಸೊನ್ನೆ ಇದೆ. ಅವತ್ತು ನಾನು ಕೆಟ್ಟದಾಗಿ ಬರೆದ ಅಧ್ಯಾಯ ವಾಪಸ್ ಬಂದಿತ್ತು. ಸೇದಿ ಮನೆಗೆ ಬಂದಾಗ ಯಾರೂ ಬೈಯಲಿಲ್ಲ. ಒಬ್ಬ ಸೊನ್ನೆ ಹಾಕಿದ, ಮತ್ತೆ ಒಂದರಿಂದ ಎಣಿಸಿದ. ಆಸೆಯ ಅಲೆ ಎದ್ದಾಗ ಕೆಲವೇ ನಿಮಿಷ ದಾಟಿಸಿದರೆ ಸಾಕು, ತಾನಾಗಿ ಇಳಿಯುತ್ತದೆ ಎಂದು ಓದಿದ್ದೆ. ಆ ನಿಮಿಷಗಳು ಎಷ್ಟು ಉದ್ದವೆಂಬುದನ್ನು ಎಲ್ಲೂ ಬರೆದಿರಲಿಲ್ಲ.

ಕಳೆದ ವಾರ ಪಿರಿಯಾಪಟ್ಟಣದ ಗೆಳೆಯ ಫೋನ್ ಮಾಡಿದ. ಈಗ ಅವನೂ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಕೆಲಸದಲ್ಲಿದ್ದಾನೆ. ಬಿಟ್ಟು ಮೂರನೆಯ ದಿನ, ಆಗ್ತಿಲ್ಲ ಕಣೋ ಅಂದ. ಹತ್ತೂವರೆಗೆ ಮೆಟ್ರೊ ಇಳಿದು ಬಂದ. ಇಬ್ಬರೂ ಅದೇ ಅಂಗಡಿಯಲ್ಲಿ, ಲೈಟರಿಗೆ ಬೆನ್ನು ಹಾಕಿ ನಿಂತೆವು. ಅವನ ಕೈ ಜೇಬಿನ ಒಳಗೂ ಹೊರಗೂ ಓಡಾಡುತ್ತಿತ್ತು. ಏನು ಹೇಳಬೇಕೆಂದು ತಿಳಿಯದೆ ಅಸದ್ ಬೇಗನ ಕಥೆ ಶುರುಮಾಡಿದೆ. ಮೂರು ಮೊಳದ ಕೊಳವೆ, ಕೆಂಪು ಕಲ್ಲು, ಎಲೆಅಡಿಕೆಯ ಚೀಲ ಎಲ್ಲವನ್ನೂ ಬೇಕೆಂದೇ ನಿಧಾನವಾಗಿ ಹೇಳಿದೆ. ಅವನು ಒಂದು ಸಲ ಲೈಟರಿನ ಕಡೆ ತಿರುಗಿದ, ಮತ್ತೆ ನನ್ನ ಕಡೆ. 'ಆಮೇಲೆ ಆ ವೈದ್ಯ ಏನಂದ?' ಎಂದು ಕೇಳಿದ. ಟೀ ಮುಗಿದಿತ್ತು. ಇನ್ನೆರಡು ಹೇಳಿದೆವು.